ಮಕ್ಕಳ ಕಲ್ಪನಾಶಕ್ತಿಗೆ ಕುಂದು ಬಂದಿದೆಯೇ?

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜ್ಯೇಷ್ಠ ಮಾಸದ ಅಮಾವಾಸ್ಯೆಗೆ ಮಣ್ಣೆತ್ತಿನ ಅಮಾವಾಸ್ಯೆಯೆಂದು ಹೆಸರು. ಕಾರಹುಣ್ಣಿಮೆಯಂದು ದುಡಿಯುವ ಎತ್ತುಗಳನ್ನು ಸಿಂಗರಿಸಿ ಕರಿ ಹರಿದ ಹದಿನೈದು ದಿನಕ್ಕೆ ಬರುವ ಈ ಹಬ್ಬದಲ್ಲಿ ಪೂಜೆಗೊಳ್ಳುವುದು ಮಣ್ಣಿನ ಎತ್ತು. ಹಳ್ಳದ ದಂಡೆಯಿಂದಲೋ ಕೆರೆಯಂಗಳದಿಂದಲೋ ಜಿಗುಟಾದ ಮಣ್ಣನ್ನು ತಂದು, ಹದವಾಗಿ ನಾದಿ, ಒಂದು ಜೋಡಿ ಎತ್ತುಗಳನ್ನೂ ಅವಕ್ಕೊಂದು ಗೋದಲಿಯನ್ನೂ ಮಾಡಿ ಜಗಲಿಯ ಮೇಲಿರಿಸುವರು. ಕುಂಬಾರರು ಎತ್ತುಗಳನ್ನು ಮಾಡಿ ಮನೆಮನೆಗೆ ಕೊಟ್ಟು ಕಾಳುಕಡಿ ಪಡೆಯುವ ರೂಢಿಯೂ ಹಿಂದಿನಿಂದ ಉಂಟು. ಆದರೂ ಆ ದಿನ ಮನೆಯ ಹುಡುಗರ ಕೈಗೆ ಒಂದು ಮುದ್ದೆ ಮಣ್ಣು ಸಿಕ್ಕೇ ಸಿಗುತ್ತಿದ್ದಿತು. ಹುಡುಗನು ಮಾಡಿದ ಎತ್ತಿಗೆ ಒಂದು ಕೋಡು ಉದ್ದ, ಒಂದು ಗಿಡ್ಡ, ಕಾಲುಗಳು ಒನಕೆಯಂತೆ, ಹಿಣಿಲು ಇರಬೇಕಾದಲ್ಲಿ ಇರುತ್ತಿರಲಿಲ್ಲ. ಆದರೆ ಅವನನ್ನು ಕೇಳಿದರೆ ಆ ಎತ್ತಿನ ಹೆಸರೇನು, ಅದನ್ನು ಎಡಕ್ಕೆ ಹೂಡತಕ್ಕದ್ದೋ ಬಲಕ್ಕೆ ಹೂಡತಕ್ಕದ್ದೋ, ಅದು ಯಾರನ್ನು ಹಾಯುವುದು, ಯಾರ ಮಾತನ್ನು ಕೇಳುವುದು ಎಂಬುದೆಲ್ಲವನ್ನೂ ತಡೆಯಿಲ್ಲದೆ ಹೇಳುತ್ತಿದ್ದನು. ಈಗ ಪೇಟೆಯ ಬೀದಿಗಳಲ್ಲಿ ಗಾಡಿಯ ಮೇಲೆ ಸಾಲಾಗಿ ನಿಂತು ಮಾರಾಟವಾಗುವ ಅಚ್ಚಿನ ಎತ್ತುಗಳಿಗೆ ಕೋಡುಗಳು ಸಮನಾಗಿವೆ, ಬಣ್ಣ ಹೊಳೆಯುತ್ತದೆ, ಕೊರಳ ಗೆಜ್ಜೆಯವರೆಗೆ ಎಲ್ಲವೂ ಅಚ್ಚುಕಟ್ಟಾಗಿದೆ. ಹುಡುಗನು ಅದನ್ನು ಜಗಲಿಯ ಮೇಲಿರಿಸಿ ಕೈಮುಗಿದು ಹೊರಗೆ ಹೋಗುವನು. ಅದರ ವಿಷಯದಲ್ಲಿ ಅವನು ಹೇಳಬೇಕಾದುದು ಏನೂ ಉಳಿದಿರುವುದಿಲ್ಲ.

ಇಲ್ಲಿ ನಷ್ಟವಾದುದು ಏನಾದರೂ ಉಂಟೆ? ಅಥವಾ ಇದು ಕಾಲಕ್ಕೆ ತಕ್ಕ ಬದಲಾವಣೆ ಮಾತ್ರವೆ? ಇಂದಿನ ಶಾಲೆ, ಚಲಚ್ಚಿತ್ರ, ಟಿವಿ, ಮೊಬೈಲು ಇವೆಲ್ಲ ಸೇರಿ ಮಕ್ಕಳ ಕಲ್ಪನಾಶಕ್ತಿಯನ್ನು ಕುಗ್ಗಿಸಿವೆಯೆಂದು ಹಿರಿಯರು ಎಲ್ಲೆಡೆಯೂ ದೂರುತ್ತಿದ್ದಾರೆ. ಹಿರಿಯರ ದೂರು ಹೊಸದಲ್ಲ; ಎಳೆಯರು ಕೆಟ್ಟರೆಂಬ ಮಾತು ಕೇಳಿಬರದ ಕಾಲವೇ ಇರಲಾರದು. ಆದುದರಿಂದ ಈ ಮಾತನ್ನು ಕೇಳಿದೊಡನೆ ತಲೆದೂಗುವುದು ಸಲ್ಲದು. ಹಾಗೆಂದು ಅದನ್ನು ಮುದುಕರ ಗೊಣಗಾಟವೆಂದು ತಳ್ಳಿಬಿಡುವುದೂ ಸಲ್ಲದು. ಏಕೆಂದರೆ ಮಾತು ನಿಜವಾಗಿದ್ದರೆ ಅದರಿಂದ ಆಗುವ ಕೇಡು ಕವಿಗಳ ಸಂಖ್ಯೆ ಕಡಿಮೆಯಾಗುವುದರಲ್ಲಿ ಮುಗಿಯುವಂಥದಲ್ಲ.

ಮೊದಲು ಕಲ್ಪನೆಯೆಂದರೇನೆಂಬುದು ನಿಶ್ಚಯವಾಗಬೇಕು. ರೂಢಿಯ ಮಾತಿನಲ್ಲಿ ಇಲ್ಲದುದನ್ನು ಇದೆಯೆಂದು ಭಾವಿಸುವುದು ಕಲ್ಪನೆ. ಪತಂಜಲಿಯು ಚಿತ್ತವೃತ್ತಿಗಳನ್ನು ಎಣಿಸುವಾಗ ವಿಕಲ್ಪವೆಂಬುದೊಂದನ್ನು ಹೇಳಿದ್ದಾನೆ. ಶಬ್ದದ ಬೆನ್ನು ಹತ್ತಿ ಬರುವ, ಆದರೆ ಹಿಂದೆ ವಸ್ತುವೇ ಇಲ್ಲದ ಜ್ಞಾನ ಅದು. ಯೋಗಿಗೆ ಅದು ನಿರೋಧಿಸತಕ್ಕ ವೃತ್ತಿ. ಅಲಂಕಾರಶಾಸ್ತ್ರಜ್ಞರು ಆದರಿಸುವ ಪ್ರತಿಭೆ ಇದಲ್ಲ. ಅಭಿನವಗುಪ್ತನ ಮತದಲ್ಲಿ ಪ್ರತಿಭೆಯು ಹಿಂದೆಂದೂ ಇಲ್ಲದಿದ್ದ ವಸ್ತುವನ್ನು ನಿರ್ಮಿಸಬಲ್ಲ ಪ್ರಜ್ಞೆ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಈ ಪ್ರತಿಭೆಯನ್ನು ಇಬ್ಭಾಗ ಮಾಡಿ, ಕವಿಗೆ ಉಪಕರಿಸುವುದನ್ನು ಕಾರಯಿತ್ರಿಯೆಂದೂ, ಓದುವವನಿಗೆ, ಕೇಳುವವನಿಗೆ ಉಪಕರಿಸುವುದನ್ನು ಭಾವಯಿತ್ರಿಯೆಂದೂ ಕರೆದನು. ಮಕ್ಕಳ ವಿಷಯದಲ್ಲಿ ಈ ಎರಡನೆಯದೇ ಹೆಚ್ಚು ಮುಖ್ಯವಾದುದು. ಎಲ್ಲ ಮಕ್ಕಳೂ ಕವಿಗಳಾಗಬೇಕಾಗಿಲ್ಲ. ಆದರೆ ಕೇಳಿದ ಮಾತನ್ನು ತನ್ನೊಳಗೆ ಕಟ್ಟಿಕೊಂಡು ನೋಡುವ ಶಕ್ತಿ ಎಲ್ಲರಿಗೂ ಬೇಕು.

ಇನ್ನೊಂದು ವಿಚಾರವೂ ಇಲ್ಲಿ ಗಮನಾರ್ಹ. ಮಮ್ಮಟನು ಕಾವ್ಯಕ್ಕೆ ಕಾರಣವನ್ನು ಹೇಳುವಾಗ ಹುಟ್ಟಿನಿಂದ ಬಂದ ಶಕ್ತಿಯೊಂದನ್ನೇ ಹೇಳಲಿಲ್ಲ. ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ಪರಿಶೀಲಿಸುವುದರಿಂದ ಬರುವ ನಿಪುಣತೆಯನ್ನೂ, ತಿಳಿದವರಲ್ಲಿ ಕಲಿತು ಮಾಡುವ ಅಭ್ಯಾಸವನ್ನೂ ಶಕ್ತಿಯ ಜೊತೆಗೆ ಸೇರಿಸಿ ಮೂರೂ ಕೂಡಿಯೇ ಕಾರಣವೆಂದನು. ಮಕ್ಕಳಲ್ಲಿ ಕಲ್ಪನೆ ತಾನೇ ತಾನಾಗಿ ತುಂಬಿ ತುಳುಕುತ್ತಿರುವುದು, ಶಾಲೆಯು ಅದನ್ನು ಬರಿದು ಮಾಡುವುದು ಎಂಬ ಇಂದಿನ ಜನಪ್ರಿಯ ನಂಬಿಕೆಗೆ ಈ ಮಾತು ಒಂದು ಅಂಕುಶ. 1930ರಲ್ಲಿ ರಷ್ಯಾದ ಮನಶ್ಶಾಸ್ತ್ರಜ್ಞ ವಿಗೋಟ್‌ಸ್ಕಿ ಬೇರೊಂದು ದಾರಿಯಿಂದ ಹೊರಟು ಇದೇ ನಿರ್ಣಯಕ್ಕೆ ಬಂದನು. ಕಲ್ಪನೆಗೆ ಬೇಕಾದ ಸಾಮಗ್ರಿಯೆಲ್ಲ ಅನುಭವದಿಂದ ಬರತಕ್ಕದ್ದು. ಮಗುವಿನ ಅನುಭವ ದೊಡ್ಡವರದಕ್ಕಿಂತ ಕಡಿಮೆಯಾದುದರಿಂದ ಅದರ ಕಲ್ಪನೆಯೂ ಅಷ್ಟರಮಟ್ಟಿಗೆ ಬಡವಾದುದು ಎಂದು ಅವನ ಅಭಿಪ್ರಾಯ. ಮಗುವು ತನ್ನ ಕಲ್ಪನೆಯನ್ನು ಅಂಜಿಕೆಯಿಲ್ಲದೆ ನಂಬುತ್ತದೆ, ದೊಡ್ಡವರು ನಂಬುವುದಿಲ್ಲ. ಅದರಿಂದ ಮಗುವಿನ ಕಲ್ಪನೆ ಹಿರಿದಾಗಿ ತೋರುತ್ತದೆ, ಅಷ್ಟೇ. ಎತ್ತನ್ನು ಕಾಣದ ಮಗುವಿನ ಕೈಗೆ ಎಷ್ಟು ಮಣ್ಣು ಕೊಟ್ಟರೂ ಎತ್ತು ಹುಟ್ಟಲಾರದು.

ಗೃಹಸ್ಥನಾದವನಿಗೆ ಈ ಶಾಸ್ತ್ರಚರ್ಚೆ ಏಕೆ ಬೇಕೆಂದು ಯಾರಾದರೂ ಕೇಳಬಹುದು. ಬಸವಣ್ಣನವರು ದಯೆಯನ್ನೇ ಧರ್ಮಕ್ಕೆ ಮೂಲವಾಗಿ ಕಂಡವರು. ಆ ದಯೆ ಹುಟ್ಟುವ ಬಗೆ ಹೇಗೆ? ಹಸಿದವನ ಹಸಿವು ಹಸಿದವನ ಹೊಟ್ಟೆಯಲ್ಲಿರುವುದೇ ಹೊರತು ನೋಡುವವನ ಹೊಟ್ಟೆಯಲ್ಲಲ್ಲ. ತಾನು ಉಂಡು ಕುಳಿತಿರುವಾಗ ಬಾಗಿಲಲ್ಲಿ ನಿಂತವನ ಹಸಿವನ್ನು ಅರಿಯಬೇಕಾದರೆ ತನ್ನಲ್ಲಿ ಇಲ್ಲದ ಆ ಹಸಿವನ್ನು ಮನಸ್ಸಿನಲ್ಲಿ ನಿರ್ಮಿಸಿಕೊಳ್ಳಬೇಕು. ಭಾವಯಿತ್ರೀ ಪ್ರತಿಭೆಯು ಕಾವ್ಯದ ಹೊಸ್ತಿಲನ್ನು ದಾಟಿ ಮನೆಯೊಳಗೆ ಮಾಡುವ ಕೆಲಸವೇ ಇದು. ಕಥೆ ಕೇಳುತ್ತ ಕುಳಿತ ಮಗುವು ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿಗಾಗಿ ಅಳುವಾಗ ಈ ಕೆಲಸದ ಅಭ್ಯಾಸ ಮಾಡುತ್ತಿರುತ್ತದೆ. ಕಲ್ಪನೆಯಿಂದ ಕೆಡುಕೂ ಉಂಟೆಂಬುದು ನಿಜ. ಮೋಸಗಾರನಿಗೂ ಅದು ಬೇಕು, ಅಂಜುಬುರುಕನನ್ನೂ ಅದೇ ಕಾಡುವುದು. ಆದರೆ ಅದಿಲ್ಲದ ಕಡೆ ದಯೆಯು ಅಪ್ಪಣೆಯಿಂದ ಮಾಡಿಸುವ ಕೆಲಸವಾಗುತ್ತದೆ. ಪ್ರಸಂಗವಶಾತ್ ಒಂದು ಮಾತು: ಹಿತ್ತಿಲಲ್ಲಿ ಹುಲಿ ಬಂದಿತ್ತೆಂದು ಹೇಳಿದ ನಾಲ್ಕು ವರ್ಷದ ಮಗುವನ್ನು ಸುಳ್ಳು ಹೇಳಿದೆಯೆಂದು ಹೊಡೆಯುವ ತಂದೆತಾಯಿಗಳು ಸತ್ಯವನ್ನು ಕಲಿಸಿದಂತಾಗಲಿಲ್ಲ. ಆ ಮಗುವಿಗೆ ಯಾರನ್ನೂ ವಂಚಿಸುವ ಬಗೆಯಿರಲಿಲ್ಲ.

ಇನ್ನು ಶಾಲೆಯ ವಿಚಾರ. ಹಿಂದಿನ ಕೂಲಿಮಠಗಳು ಮಕ್ಕಳ ಮನಸ್ಸನ್ನು ಅರಳಿಸುತ್ತಿದ್ದವು, ಇಂಗ್ಲಿಷರು ತಂದ ಶಾಲೆಗಳು ಅದನ್ನು ಮುದುಡಿಸಿದವು ಎಂಬ ಮಾತನ್ನು ವಿದ್ಯಾವಂತರೂ ಆಡುವುದುಂಟು. ಈ ಮಾತನ್ನು ಪರೀಕ್ಷಿಸಲು ಕನ್ನಡನಾಡಿನದೇ ಒಂದು ದಾಖಲೆಯಿದೆ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ಸ್ಥಿತಿಯನ್ನು ವಿಚಾರಿಸಲು ಆಜ್ಞಾಪಿಸಿದಾಗ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ವಿಸ್ತಾರವಾದ ವರದಿಯೊಂದನ್ನು ಕಳುಹಿಸಿದನು. ಸುಮಾರು ಒಂಬತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅಂದರೆ ಸಾವಿರ ಮಂದಿಗೆ ಸುಮಾರು ಏಳು ವಿದ್ಯಾರ್ಥಿಗಳು ಮಾತ್ರ ಇದ್ದರು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮುಂದೆ ಹೋದವರು ಹಿಂದಿನವರಿಗೆ ಹೇಳಿಕೊಡುವುದು ಇವನ್ನು ಅವನು ಬಹುವಾಗಿ ಮೆಚ್ಚಿದನು. ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಕೈಗೆ ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಮೈಗಳ್ಳರನ್ನು ಎರಡೂ ಕೈ ಕಟ್ಟಿ ಮಾಡಿಗೆ ತೂಗುಹಾಕುವುದೂ, ಬಿಡುವಿಲ್ಲದೆ ಬಸ್ಕಿ ತೆಗೆಸುವುದೂ ನಡೆಯುತ್ತಿದ್ದಿತು.

ಆ ಶಾಲೆಗಳಲ್ಲಿ ಓದಿಸುತ್ತಿದ್ದ ಗ್ರಂಥಗಳ ಪಟ್ಟಿಯನ್ನೂ ಕ್ಯಾಂಪ್‌ಬೆಲ್ ಕೊಟ್ಟಿದ್ದಾನೆ. ಲಿಂಗಧಾರಿಗಳ ಮಕ್ಕಳು ಓದತಕ್ಕವುಗಳಲ್ಲಿ ಬಸವಪುರಾಣ, ರಾಘವಾಂಕಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚನ್ನಬಸವಪುರಾಣಗಳ ಹೆಸರುಗಳು ಅದರಲ್ಲಿವೆ. ಓದಿದರೆ ಎಂಥ ಸಂತೋಷ! ಆದರೆ ಅದೇ ವರದಿಯ ಮುಂದಿನ ಮಾತು ಆ ಸಂತೋಷಕ್ಕೆ ತಣ್ಣೀರೆರೆಯುತ್ತದೆ. ಗ್ರಂಥಗಳ ಭಾಷೆಗೂ ಆಡುವ ಭಾಷೆಗೂ ದೂರವಿದ್ದುದರಿಂದ ಹುಡುಗರು ಸಾಲುಸಾಲು ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರೂ ಅರ್ಥದ ವಿಷಯದಲ್ಲಿ ಗಿಳಿಗಳಿಗಿಂತ ಹೆಚ್ಚೇನೂ ತಿಳಿದಿರಲಿಲ್ಲವಂತೆ. ಕಲಿಸುವವರಲ್ಲಿಯೂ ಅರ್ಥ ಬಲ್ಲವರು ವಿರಳವಂತೆ. ಪರದೇಶದ ಅಧಿಕಾರಿಯ ಮಾತನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ. ಕಂಠಸ್ಥವಾದ ಪದ್ಯವು ಬೀಜದಂತೆ ಒಳಗೆ ಬಿದ್ದಿದ್ದು ಇಪ್ಪತ್ತು ವರ್ಷದ ಮೇಲೆ ಮೊಳೆಯುವುದೂ ಉಂಟೆಂಬುದನ್ನು ಅವನು ಅರಿಯನು. ಆದರೂ ಹಿಂದಿನ ಶಾಲೆಯನ್ನು ಕಲ್ಪನೆಯ ತವರುಮನೆಯೆಂದು ಹೊಗಳಲು ಈ ದಾಖಲೆ ಎಡೆಗೊಡುವುದಿಲ್ಲ. ಸಾವಿರದಲ್ಲಿ ಸುಮಾರು ಏಳು ಮಂದಿಗೆ ಮಾತ್ರ ದಕ್ಕಿದ ಕೂಲಿಮಠವು ಉಳಿದವರ ಮನಸ್ಸನ್ನು ಅರಳಿಸಿತೆನ್ನುವುದಂತೂ ಹಾಸ್ಯಾಸ್ಪದ.

ಹಾಗಾದರೆ ಹಳ್ಳಿಯ ಮಕ್ಕಳಿಗೆ ಕಲ್ಪನೆಯ ಆಹಾರ ದೊರೆಯುತ್ತಿದ್ದುದು ಎಲ್ಲಿಂದ? ಶಾಲೆಯ ಹೊರಗಿನಿಂದ. ಶ್ರಾವಣ ಮಾಸದಲ್ಲಿ ಮಠದ ಅಂಗಳದಲ್ಲಿ ತಿಂಗಳುಗಟ್ಟಲೆ ನಡೆಯುವ ಪುರಾಣದಿಂದ. ಸುಗ್ಗಿ ಮುಗಿದ ಮೇಲಿನ ದೊಡ್ಡಾಟದಿಂದ. ಬಿಳಿಯ ಪರದೆಯ ಹಿಂದೆ ದೀಪವಿಟ್ಟು ಕುಣಿಸುವ ತೊಗಲುಗೊಂಬೆಗಳಿಂದ. ಅಜ್ಜಿ ಹಾಕುವ ಒಗಟಿನಿಂದ. ದೊಡ್ಡಾಟದಲ್ಲಿ ರಾವಣನಾಗಿ ಅಬ್ಬರಿಸುವವನು ಬೆಳಿಗ್ಗೆ ಹೊಲಕ್ಕೆ ಹೂಡಲು ಹೋಗುವ ನೆರೆಮನೆಯವನೇ ಎಂಬುದು ಮಗುವಿಗೆ ಗೊತ್ತು. ಗೊತ್ತಿದ್ದೂ ಅದು ಬೆಚ್ಚುವುದು. ಎರಡು ಕಂಬಗಳ ನಡುವಿನ ಹಲಗೆಯ ಮೇಲೆ ಭಾಗವತನು ಇದು ಕಾಡೆಂದರೆ ಕಾಡು, ಇದು ಲಂಕೆಯೆಂದರೆ ಲಂಕೆ. ಬಡತನದಿಂದಲೇ ಆ ರಂಗವು ಬಹುಭಾಗವನ್ನು ನೋಡುವವನಿಗೆ ಬಿಟ್ಟುಕೊಟ್ಟಿತ್ತು. ಹನ್ನೆರಡನೆಯ ಶತಮಾನದ ಶರಣರ ವಿಚಾರದಲ್ಲಿಯೂ ಇದನ್ನು ಕಾಣಬಹುದು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು, ಇವರಾರೂ ಅಲಂಕಾರಶಾಸ್ತ್ರವನ್ನು ಕಲಿತು ರೂಪಕಗಳನ್ನು ಹುಡುಕಿದವರಲ್ಲ. ದೋಣಿ, ಮಡಿ, ಹಗ್ಗ, ನೆಯ್ಗೆ, ಗಾಣ ಇವು ಅವರ ಕೈಗೆ ದಿನವೂ ತಗಲುತ್ತಿದ್ದ ವಸ್ತುಗಳು. ಮಮ್ಮಟನು ಹೇಳಿದ ಲೋಕಪರಿಶೀಲನೆ ಅವರಿಗೆ ಕಾಯಕದಲ್ಲಿಯೇ ಆಗಿದ್ದಿತು. ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ಕೇಳಿದವನಂತೂ ಅರ್ಧದಾರಿಯನ್ನು ತಾನೇ ನಡೆಯಬೇಕು.

ಇಷ್ಟು ಹೇಳಿದಮೇಲೆ ಶಾಲೆಯನ್ನು ಬಯ್ಯುವುದು ಸುಲಭವೆಂದು ತೋರಬಹುದು. ಆದರೆ ಇಲ್ಲಿ ಒಂದು ಅನ್ಯಾಯವಿದೆ. ಶಾಲೆಯಿಂದ ಮಕ್ಕಳ ಮನಸ್ಸು ಕುಗ್ಗಿತೆಂದು ಹೇಳುವವರು ಬಹುಮಟ್ಟಿಗೆ ತಲೆಮಾರುಗಳಿಂದ ಶಾಲೆ ಕಂಡವರು. ನೇಕಾರರ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಡಿಕೆ ಸುತ್ತುತ್ತ ಬಾಲ್ಯವನ್ನು ಕಳೆದ ಹುಡುಗಿಗೆ ಕಲ್ಪನೆಯ ಬಿಡುವು ಎಷ್ಟಿದ್ದಿತು? ದನ ಕಾಯುವ ಹುಡುಗನಿಗೆ ಆಕಾಶವೂ ಕೊಳಲೂ ಇದ್ದವೆಂದು ಬರೆಯುವವರು ಅವನ ಕಾಲಿಗೆ ನೆಟ್ಟ ಮುಳ್ಳನ್ನೂ ಧಣಿಯ ಬಾರುಕೋಲನ್ನೂ ಮರೆತಿರುತ್ತಾರೆ. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಬಡಮಕ್ಕಳು ಸಾವಿರಾರು. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳನ್ನು ಒಟ್ಟಿಗೆ ಇಟ್ಟುಕೊಂಡುದು ಅರ್ಥವಿಲ್ಲದ ಮಾತಲ್ಲ. ತನ್ನ ಊರಿನ ಹಳ್ಳವನ್ನಲ್ಲದೆ ಬೇರೆ ನೀರನ್ನು ಕಾಣದ ಹುಡುಗನು ಭೂಪಟದ ಮೇಲೆ ಬೆರಳಿಟ್ಟು ಸಮುದ್ರವನ್ನು ಮೊದಲ ಬಾರಿಗೆ ನೆನೆದುದು ಶಾಲೆಯಲ್ಲಿಯೇ. ಅಕ್ಷರವು ಅವನ ಕಲ್ಪನೆಗೆ ಹೊಲವನ್ನು ಕೊಟ್ಟಿತು.

ಆದುದರಿಂದ ದೋಷವು ಶಾಲೆಯೆಂಬ ಸಂಸ್ಥೆಯಲ್ಲಿಲ್ಲ. ಹೊಲವನ್ನು ಕೊಟ್ಟ ಶಾಲೆಯೇ ಅಲ್ಲಿ ಒಂದೇ ಬೆಳೆಯನ್ನು, ಒಂದೇ ಸಾಲಿನಲ್ಲಿ ಬೆಳೆಯಬೇಕೆಂದು ಹಟ ಹಿಡಿಯುವಾಗ ದೋಷ ಹುಟ್ಟುವುದು. ರವೀಂದ್ರನಾಥ ಠಾಕೂರರು 1918ರಲ್ಲಿ ಗಿಳಿಯ ಶಿಕ್ಷಣವನ್ನು ಕುರಿತು ಒಂದು ಪುಟ್ಟ ಕಥೆಯನ್ನು ಬರೆದರು. ದೊರೆಯು ಗಿಳಿಗೆ ವಿದ್ಯೆ ಕಲಿಸಲು ಆಜ್ಞಾಪಿಸುವನು. ಬಂಗಾರದ ಪಂಜರ ಸಿದ್ಧವಾಗುವುದು. ಪಂಡಿತರೂ ಲಿಪಿಕಾರರೂ ಮೇಲ್ವಿಚಾರಕರೂ ನೆರೆಯುವರು. ಎಲ್ಲರ ಮನೆಯೂ ತುಂಬುವುದು. ಬಾಯಿಗೆ ಹಾಳೆಗಳನ್ನು ತುರುಕಿಸಿಕೊಂಡ ಗಿಳಿ ಮಾತ್ರ ಸಾಯುವುದು. ಬಿ. ವಿ. ಕಾರಂತರು ಇದನ್ನು 'ಪಂಜರಶಾಲೆ'ಯೆಂಬ ಮಕ್ಕಳ ನಾಟಕವಾಗಿ ಕನ್ನಡ ರಂಗಭೂಮಿಗೆ ತಂದರು. ಮೈಸೂರಿನ ಆರ್. ಕೆ. ನಾರಾಯಣರು ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದಾಗ 1989ರಲ್ಲಿ ಎದ್ದುನಿಂತು ಮಾತನಾಡಿದುದು ಮಕ್ಕಳ ಬೆನ್ನಿನ ಮೇಲಿನ ಪುಸ್ತಕದ ಚೀಲವನ್ನು ಕುರಿತು. ಅದರ ಪರಿಣಾಮವಾಗಿ ಪ್ರೊಫೆಸರ್ ಯಶಪಾಲರ ಸಮಿತಿಯು ಏರ್ಪಟ್ಟು 1993ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಚೀಲದ ತೂಕಕ್ಕಿಂತಲೂ ಅರ್ಥವಾಗದುದನ್ನು ಹೊರುವ ಭಾರವೇ ಹೆಚ್ಚಿನದೆಂದು ಆ ಸಮಿತಿ ಕಂಡುಕೊಂಡಿತು. 1823ರ ಬಳ್ಳಾರಿಯಲ್ಲಿ ಕಂಡ ರೋಗವೇ 1993ರಲ್ಲಿಯೂ ಕಂಡಿತೆಂಬುದು ವಿಚಾರಾರ್ಹ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಗಳ ಉಪಾಧ್ಯಾಯರು ಆರಂಭಿಸಿದ ನಲಿ-ಕಲಿ ಪದ್ಧತಿಯು ಮಕ್ಕಳನ್ನು ಸಾಲುಬೆಂಚಿನಿಂದ ಬಿಡಿಸಿ ಗುಂಪುಗಳಲ್ಲಿ ಕೂರಿಸಿ, ಹಾಡು, ಕಥೆ, ಚಿತ್ರಪಟ್ಟಿಗಳಿಂದ ಕಲಿಸಲು ಯತ್ನಿಸಿತು. ಮುಂದೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಅದನ್ನು ಕಟ್ಟಿದವರು ಹಳ್ಳಿಯ ಉಪಾಧ್ಯಾಯರೆಂಬುದನ್ನು ಶಾಲೆಯನ್ನು ನಿಂದಿಸುವವರು ನೆನೆಯುವುದು ಒಳ್ಳೆಯದು.

ಆದರೂ ಯಾವುದೇ ಊರಿನ ಮೂರನೆಯ ತರಗತಿಗೆ ಹೋಗಿ ಚಿತ್ರ ಬರೆಯಿರೆಂದರೆ ನಲವತ್ತು ಮಕ್ಕಳಲ್ಲಿ ಮೂವತ್ತು ಮಂದಿ ಬರೆಯುವುದು ಒಂದೇ ಚಿತ್ರ. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ಮನೆ, ಮನೆಗೊಂದು ತೆಂಗಿನ ಮರ. ಬಿಜಾಪುರದ ಬಯಲುಸೀಮೆಯ ಮಗುವೂ ಇದನ್ನೇ ಬರೆಯುವುದು. ಅದು ತೆಂಗನ್ನು ಬೆಟ್ಟದ ನಡುವಿನ ಸೂರ್ಯನನ್ನು ಎಲ್ಲಿ ಕಂಡಿತು? ಜೋಳದ ಹೊಲದ ಅಂಚಿನಲ್ಲಿ ನೆಲದಿಂದಲೇ ಮೇಲೇಳುವ ದೊಡ್ಡ ಕೆಂಪು ಸೂರ್ಯನನ್ನು ಅದು ದಿನವೂ ನೋಡಿದೆ. ನೋಡಿದುದು ಚಿತ್ರಕ್ಕೆ ತಕ್ಕದ್ದಲ್ಲವೆಂದು ಯಾರೋ ಅದಕ್ಕೆ ಹೇಳಿರಬೇಕು, ಅಥವಾ ಯಾರೂ ಹೇಳದೆಯೇ ತಿಳಿದಿರಬೇಕು. ಆಕಳನ್ನು ಕುರಿತ ಪ್ರಬಂಧವನ್ನು ಗೈಡಿನಿಂದ ಬಾಯಿಪಾಠ ಮಾಡಿ ಬರೆದ ಹುಡುಗಿಗೆ ಪೂರ್ತಿ ಅಂಕ. ತನ್ನ ಮನೆಯ ಗೌರಿಯೆಂಬ ಆಕಳು ಕರುವನ್ನು ಕಳೆದುಕೊಂಡು ಮೂರು ದಿನ ಹುಲ್ಲು ಮುಟ್ಟದೆ ನಿಂತುದನ್ನು ಬರೆದವಳಿಗೆ, ಆಕಳಿಗೆ ನಾಲ್ಕು ಕಾಲುಗಳಿವೆಯೆಂದು ಬರೆಯದ ಕಾರಣ ಅಂಕ ಕಡಿಮೆ. ಇಲ್ಲಿ ಉಪಾಧ್ಯಾಯನದು ಮಾತ್ರ ತಪ್ಪಲ್ಲ. ಅಂಕ ಕಡಿಮೆ ಬಂದಿತೆಂದು ಮಾರನೆಯ ದಿನ ಶಾಲೆಗೆ ಬಂದು ಜಗಳವಾಡುವವನು ತಂದೆ.

ಇನ್ನು ಜನಪ್ರಿಯ ಮನರಂಜನೆಯ ವಿಚಾರ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿಯ ಪ್ರಸಾರವಾಯಿತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದಕ್ಕೆ ಆಯ್ಕೆಯಾಗಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೂ ಸಂಜೆ ದೊಡ್ಡವರಿಗೂ ಕಾರ್ಯಕ್ರಮ. ಊರಿಗೆಲ್ಲ ಒಂದು ಪೆಟ್ಟಿಗೆ. ಅದರ ಮುಂದೆ ಊರೆಲ್ಲ. ನೋಡುತ್ತ ನೋಡುತ್ತ ಮಾತಾಡುವರು, ನಗುವರು, ತಕರಾರು ಮಾಡುವರು. ಆ ಟಿವಿಗೂ ಇಂದು ಒಬ್ಬೊಬ್ಬನ ಅಂಗೈಯಲ್ಲಿ ಬೇರೆ ಬೇರೆಯಾಗಿ ಬೆಳಗುವ ಮೊಬೈಲಿಗೂ ಹೆಸರಿನಲ್ಲಿ ಎಷ್ಟು ಸಾಮ್ಯವಿದ್ದರೂ ನಡೆಯಲ್ಲಿ ಬಹಳ ಅಂತರ.

ಕೆನಡಾ ದೇಶದಲ್ಲಿ ಗುಡ್ಡಗಳ ಕಾರಣದಿಂದ ಟಿವಿ ತಲುಪದೆ ಉಳಿದಿದ್ದ ಒಂದು ಸಣ್ಣ ಊರಿಗೆ 1973ರಲ್ಲಿ ಅದು ಬಂದಿತು. ಬರುವ ಮೊದಲೂ, ಬಂದ ಎರಡು ವರ್ಷದ ಮೇಲೂ ಅಲ್ಲಿಯ ಮಕ್ಕಳನ್ನು ಟಾನಿಸ್ ಮ್ಯಾಕ್‌ಬೆತ್ ವಿಲಿಯಮ್ಸ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿ 1986ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಒಂದು ವಸ್ತುವಿನಿಂದ ಎಷ್ಟು ಬಗೆಯ ಉಪಯೋಗಗಳನ್ನು ಪಡೆಯಬಹುದೆಂದು ಕೇಳಿದಾಗ ಮೊದಲು ಆ ಊರಿನ ಮಕ್ಕಳು ಟಿವಿ ಇದ್ದ ಊರುಗಳ ಮಕ್ಕಳಿಗಿಂತ ಹೆಚ್ಚು ಉತ್ತರಗಳನ್ನು ಕೊಟ್ಟಿದ್ದರು; ಎರಡು ವರ್ಷಗಳ ಮೇಲೆ ಆ ಮೇಲುಗೈ ಉಳಿಯಲಿಲ್ಲ. ಅಮೆರಿಕದಲ್ಲಿ ಕ್ಯುಂಗ್ ಹೀ ಕಿಮ್ ಎಂಬ ವಿದುಷಿಯು ಎರಡೂಮುಕ್ಕಾಲು ಲಕ್ಷದಷ್ಟು ಮಂದಿಯ ಹಳೆಯ ಪರೀಕ್ಷಾಫಲಗಳನ್ನು ಹೋಲಿಸಿ, 1990ರಿಂದೀಚೆಗೆ ಸೃಜನಶೀಲತೆಯ ಅಳತೆಗಳು ಇಳಿಯುತ್ತ ಬಂದಿವೆಯೆಂದೂ ಚಿಕ್ಕ ಮಕ್ಕಳಲ್ಲಿ ಆ ಇಳಿತ ಹೆಚ್ಚೆಂದೂ 2011ರಲ್ಲಿ ಬರೆದರು. ಇಷ್ಟಕ್ಕೇ ತೀರ್ಪು ಕೊಡಲು ಹೊರಟವನಿಗೆ ಅದೇ ದೇಶದ ಸಾಂಡ್ರ ರಸ್ ಎಂಬವರು ಅಡ್ಡ ನಿಲ್ಲುವರು. ಆರರಿಂದ ಹತ್ತು ವರ್ಷದ ಮಕ್ಕಳ ಕೈಗೆ ಗೊಂಬೆಗಳನ್ನು ಕೊಟ್ಟು ಆಟವನ್ನು ಗಮನಿಸಿದ, 1985ರಿಂದ 2008ರವರೆಗಿನ 14 ಅಧ್ಯಯನಗಳನ್ನು ಅವರು ಹೋಲಿಸಿದಾಗ, ಆಟದಲ್ಲಿಯ ಕಲ್ಪನೆ ಕುಗ್ಗುವುದಿರಲಿ, ಹೆಚ್ಚಿದ್ದು ಕಂಡುಬಂದಿತು. ಅಳೆಯುವ ಕೋಲು ಬೇರೆಯಾದರೆ ಫಲವೂ ಬೇರೆ. ಮಕ್ಕಳ ಕಲ್ಪನಾಶಕ್ತಿಯೇ ನಾಶವಾಯಿತೆಂದು ಸಾರುವವರು ಸ್ವಲ್ಪ ತಡೆಯಬೇಕು.

ಮೇಲಿನ ಎರಡು ಬಗೆಯ ಫಲಗಳಿಂದ ಒಂದು ಊಹೆಗೆ ಎಡೆಯಿದೆ. ಶಕ್ತಿ ಮಗುವಿನಲ್ಲಿ ಇದ್ದೇ ಇದೆ. ಗೊಂಬೆ ಕೊಟ್ಟು ಐದು ನಿಮಿಷ ಬಿಟ್ಟರೆ ಅದು ಹೊರಬರುತ್ತದೆ. ಕಡಿಮೆಯಾದುದು ಆ ಐದು ನಿಮಿಷ. ಚಿತ್ರವಿದ್ದುದರಿಂದಲೇ ಕಲ್ಪನೆ ಸಾಯುವುದಾದರೆ ಚಂದಮಾಮದ ಓದುಗರು ಎಂದೋ ಬರಿದಾಗಬೇಕಾಗಿದ್ದಿತು. 1949ರಲ್ಲಿ ಕನ್ನಡದಲ್ಲಿ ಮೊದಲಾಗಿ ಈಗ ನಿಂತುಹೋಗಿರುವ ಆ ಮಾಸಪತ್ರಿಕೆಯಲ್ಲಿ ಪುಟಪುಟಕ್ಕೂ ಚಿತ್ರಗಳಿದ್ದವು. ಆದರೆ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ನಡೆಯಬೇಕಾದುದನ್ನೆಲ್ಲ ಓದುವ ಮಗುವೇ ನಡೆಸಬೇಕಾಗಿದ್ದಿತು. ಬೇತಾಳನ ಕಥೆಯು ಪ್ರಶ್ನೆಯಲ್ಲಿ ನಿಂತಾಗ ವಿಕ್ರಮನ ಉತ್ತರವನ್ನು ಓದುವ ಮೊದಲು ಅಣ್ಣತಮ್ಮಂದಿರಲ್ಲಿ ವಾದವಾಗುತ್ತಿದ್ದಿತು. ಮುಂದಿನ ಸಂಚಿಕೆಗೆ ಒಂದು ತಿಂಗಳು ಕಾಯಬೇಕು. ಆ ತಿಂಗಳೇ ಕಲ್ಪನೆಯ ಕಾಲ. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬಂದಾಗ ಊರೂರುಗಳ ರಾಮನೂ ಸೀತೆಯೂ ಒಂದೇ ಮುಖದವರಾದರೆಂಬುದು ನಿಜ. ಆದರೂ ಭಾನುವಾರ ಮಧ್ಯಾಹ್ನ ಮಕ್ಕಳು ಸೋಗೆಯ ಬಾಣ ಹಿಡಿದು ಬೀದಿಗಿಳಿಯುತ್ತಿದ್ದರು, ವಾರವಿಡೀ ಯುದ್ಧ ನಡೆಯುತ್ತಿದ್ದಿತು. ಈಗ ಒಂದು ದೃಶ್ಯ ಮುಗಿಯುವುದರೊಳಗೆ ಮತ್ತೊಂದು ತಾನಾಗಿ ಬಂದು ನಿಲ್ಲುತ್ತದೆ. ನೋಡಿದುದನ್ನು ಆಡಿ ನೋಡಲು ನಡುವೆ ಬೀದಿಯೇ ಇಲ್ಲ. 2020ರ ಮಾರ್ಚಿಯಲ್ಲಿ ಕೊರೊನಾ ವ್ಯಾಧಿಯ ಕಾರಣ ಶಾಲೆಗಳು ಮುಚ್ಚಿದಾಗ ಮೊಬೈಲು ಪಾಠದ ಹೆಸರಿನಿಂದ ಮಗುವಿನ ಕೈಗೆ ಬಂದಿತು. ಶಾಲೆಯೂ ಮನರಂಜನೆಯೂ ಅಂದಿನಿಂದ ಒಂದೇ ಗಾಜಿನ ಹಿಂದೆ ಕುಳಿತವು. ಮತ್ತೆ ಶಾಲೆಗಳು ತೆರೆದರೂ ಮೊಬೈಲು ಹಿಂದಿರುಗಲಿಲ್ಲ.

ಮೊಬೈಲನ್ನು ಕೊಟ್ಟವರು ಯಾರೆಂಬುದನ್ನು ಕೇಳದೆ ವಿಚಾರ ಮುಗಿಯುವಂತಿಲ್ಲ. ಎರಡು ವರ್ಷದ ಕೂಸು ಊಟ ಮಾಡಲು ಹಟ ಹಿಡಿದಾಗ ಅದನ್ನು ಮುಂದಿಡುವವರು ತಾಯಿ, ಅಜ್ಜಿ. ಇಡೀ ದಿನ ದುಡಿದು ಬಂದ ತಾಯಿಯನ್ನು ಇದಕ್ಕಾಗಿ ನಿಂದಿಸುವುದು ಕಠೋರವಾದೀತು. ಚಂದ್ರನನ್ನು ತೋರಿಸುತ್ತ ಉಣಿಸಲು ಅವಳಿಗೆ ಅಂಗಳವಿಲ್ಲ, ಕೈಗೆ ನೆರವಾಗುವ ನಾದಿನಿಯರಿಲ್ಲ, ಹೊತ್ತಿಲ್ಲ. ಆದರೆ ಹೊತ್ತು ಇದ್ದವರು ಉಂಟಷ್ಟೆ. ಸಂಜೆ ಮನೆಗೆ ಬಂದ ಗೃಹಸ್ಥನು ಲಿಂಗಪೂಜೆಯನ್ನು ಮುಗಿಸಿ, ತಾನೂ ಮೊಬೈಲು ಹಿಡಿದು ಮಂಚದ ಮೇಲೆ ಒರಗಿ, ಹುಡುಗನು ಅದನ್ನೇ ನೋಡುವನೆಂದು ಗದರಿಸುತ್ತಾನೆ. ಶಾಲೆ ಬಿಟ್ಟ ಕೂಡಲೇ ಟ್ಯೂಷನ್ನು, ಅದು ಮುಗಿದರೆ ಮನೆಗೆಲಸದ ಲೆಕ್ಕ, ಭಾನುವಾರ ಮತ್ತೊಂದು ತರಗತಿ. ಮಗು ಸುಮ್ಮನೆ ಕುಳಿತರೆ ಹೊತ್ತು ಹಾಳಾಯಿತೆಂದು ತಂದೆಗೆ ಕಳವಳ. ಬೀಜ ಬಿತ್ತಿದ ಮೇಲೆ ಮೊಳಕೆ ಬಂದಿತೆ ಎಂದು ದಿನಕ್ಕೊಮ್ಮೆ ಮಣ್ಣು ಕೆದಕಿ ನೋಡುವ ಒಕ್ಕಲಿಗನನ್ನು ಊರವರು ಏನೆನ್ನುವರು? ಮಗನ ವಿಷಯದಲ್ಲಿ ಅದನ್ನೇ ಮಾಡುವವನನ್ನು ಜಾಗರೂಕನೆನ್ನುವರು.

ಇಲ್ಲಿ ಯಾರೂ ಮೊಬೈಲನ್ನು ಬಾವಿಗೆ ಎಸೆಯಬೇಕಾಗಿಲ್ಲ, ಶಾಲೆಯನ್ನು ಬಿಡಿಸಬೇಕಾಗಿಯೂ ಇಲ್ಲ. ಬೇಕಾದುದು ಮೂರಲ್ಲದಿದ್ದರೆ ಎರಡಾದರೂ. ಮಗುವಿನ ಕೈ ಏನನ್ನಾದರೂ ಮಾಡುತ್ತಿರಬೇಕು. ಹಿಟ್ಟು ನಾದಲಿ, ಹೂ ಕಟ್ಟಲಿ, ಹಗ್ಗ ಹೊಸೆಯಲಿ. ಮಗು ಹೇಳುವುದನ್ನು ಕೇಳುವವರೊಬ್ಬರು ಮನೆಯಲ್ಲಿರಬೇಕು. ಈ ಎರಡನೆಯದೇ ಕಷ್ಟ. ಕಥೆ ಹೇಳುವ ಹಿರಿಯರಿಲ್ಲವೆಂದು ಎಲ್ಲರೂ ಮರುಗುವರು. ಮಕ್ಕಳು ಹೇಳುವ ಕಥೆಯನ್ನು ಕೇಳುವ ಹಿರಿಯರು ಎಷ್ಟು ಮಂದಿ ಉಳಿದಿದ್ದಾರೆಂದು ಯಾರೂ ಎಣಿಸಿಲ್ಲ. ಮೊಬೈಲಿಗೆ ಬಾಯಿಯಿದೆ, ಕಣ್ಣಿದೆ. ಅದರ ಮುಂದೆ ಕುಳಿತ ಮಗುವಿನ ಹುಲಿ ಯಾವ ಬಣ್ಣದ್ದೆಂದು ಅದು ಕೇಳಿ ಕಾದಿರುವುದಿಲ್ಲ.

ಶ್ರಾವಣದ ಪುರಾಣ ಇಂದಿಗೂ ಅನೇಕ ಮಠಗಳಲ್ಲಿ ನಡೆಯುತ್ತಿದೆ. ಮುಂದಿನ ಸಾಲಿನಲ್ಲಿ ಹಿರಿಯರು, ಹಿಂದೆ ತಾಯಂದಿರು, ಅವರ ತೊಡೆಯ ಮೇಲೆ ತೂಕಡಿಸುವ ಮಕ್ಕಳು. ಚಾಮರಸನ ಪ್ರಭುಲಿಂಗಲೀಲೆಯನ್ನು ಓದುವಾಗ ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನು ಮದ್ದಳೆ ಬಾರಿಸುವ ಪ್ರಸಂಗ ಬರುವುದು. ಮುಂದೆ ಅವನು ಎಲ್ಲವನ್ನೂ ತೊರೆದು ಹೊರಟುಹೋಗುವನು. ಹಿರಿಯರು ವೈರಾಗ್ಯವನ್ನು ನೆನೆದು ನಿಟ್ಟುಸಿರಿಡುತ್ತಿರುವಾಗ ತೂಕಡಿಸುತ್ತಿದ್ದ ಮಗು ತಲೆಯೆತ್ತಿ, ಹಾಗಾದರೆ ಆ ಮದ್ದಳೆ ಏನಾಯಿತು, ಅದನ್ನು ಯಾರು ತೆಗೆದುಕೊಂಡರು ಎಂದು ಕೇಳಬಹುದು. ಅದಕ್ಕೆ ಪರೀಕ್ಷೆಯಲ್ಲಿ ಅಂಕವಿಲ್ಲ. ಗದ್ದಲ ಮಾಡಬೇಡ, ಸುಮ್ಮನೆ ಕೇಳು ಎಂದು ತಾಯಿ ಹೇಳಿದರೆ ಮಗು ಮತ್ತೆ ಮಲಗುವುದು. ಯಾರು ತೆಗೆದುಕೊಂಡಿರಬಹುದೆಂದು ನಿನಗೆ ತೋರುತ್ತದೆ ಎಂದು ಅವಳು ಮೆಲ್ಲಗೆ ಕೇಳಿದರೆ, ಮನೆಗೆ ನಡೆಯುವ ದಾರಿಯುದ್ದಕ್ಕೂ ಅದು ಹೇಳುತ್ತ ಹೋಗುವುದು.